ಗೃಹ ಮಾಧ್ಯಮ ಸಂಗ್ರಹದ ಬ್ಯಾಕಪ್ ತಂತ್ರಾಂಶ

ಗೃಹ ಮಾಧ್ಯಮ ಸಂಗ್ರಹದ ಬ್ಯಾಕಪ್ ತಂತ್ರಾಂಶ ಎಂದರೆ ಮನೆಯಲ್ಲಿ ಕೂಡಿಟ್ಟ ಛಾಯಾಚಿತ್ರ, ವಿಡಿಯೊ, ಧ್ವನಿಮುದ್ರಣ ಮತ್ತು ಚಲನಚಿತ್ರಗಳ ದೊಡ್ಡ ಡಿಜಿಟಲ್ ಸಂಗ್ರಹಕ್ಕೆ ಹೆಚ್ಚುವರಿ ಪ್ರತಿಗಳನ್ನು ಮಾಡಿಟ್ಟು, ಮೂಲವು ಕೆಟ್ಟಾಗ ಅಥವಾ ಅಳಿಸಿಹೋದಾಗ ಅದನ್ನು ಮರಳಿ ಪಡೆಯಲು ಬಳಸುವ ತಂತ್ರಾಂಶ. ಇಂಥ ಸಂಗ್ರಹಗಳ ಗಾತ್ರ ಒಂದು ಟೆರಾಬೈಟ್‌ನಿಂದ ಹಿಡಿದು ಹಲವು ಹತ್ತು ಟೆರಾಬೈಟ್‌ಗಳವರೆಗೆ ಇರುತ್ತದೆ. ಬ್ಯಾಕಪ್ ತಂತ್ರಾಂಶಗಳಲ್ಲಿ ಹೆಚ್ಚಿನವು ಕಚೇರಿಯ ದಾಖಲೆಗಳು, ದತ್ತಸಂಚಯಗಳು ಮತ್ತು ಸರ್ವರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಅವು ಮುಂದಿಟ್ಟು ಸಾರುವ ಸೌಲಭ್ಯಗಳಲ್ಲಿ ಕೆಲವು, ಮುಖ್ಯವಾಗಿ ಸಂಕೋಚನ, ಮಾಧ್ಯಮ ಕಡತಗಳಿಗೆ ಬಹುತೇಕ ನಿರುಪಯೋಗಿ. ಕಡತ ಕೆಟ್ಟಿದೆಯೇ ಎಂದು ಆಗಾಗ ಪರಿಶೀಲಿಸುವುದು, ಹೆಸರು ಬದಲಾದ ಕಡತವನ್ನು ಗುರುತಿಸುವುದು, ತಂತ್ರಾಂಶವೇ ಕಣ್ಮರೆಯಾದರೂ ಪ್ರತಿಯನ್ನು ಓದಬಹುದೇ ಎಂಬುದು ಮುಂತಾದ, ಜಾಹೀರಾತುಗಳಲ್ಲಿ ಅಷ್ಟಾಗಿ ಕಾಣದ ಗುಣಗಳೇ ಇಲ್ಲಿ ನಿರ್ಣಾಯಕವಾಗುತ್ತವೆ.

ಬ್ಯಾಕಪ್ ಎಂದು ತಪ್ಪಾಗಿ ಭಾವಿಸಲಾಗುವ ವ್ಯವಸ್ಥೆಗಳು

ಹಲವು ಡಿಸ್ಕ್‌ಗಳನ್ನು ರೇಯ್ಡ್ ವಿನ್ಯಾಸದಲ್ಲಿ ಜೋಡಿಸಿದರೆ ಒಂದು ಡಿಸ್ಕ್ ಕೆಟ್ಟರೂ ಸಂಗ್ರಹ ಬಳಕೆಯಲ್ಲಿ ಮುಂದುವರಿಯುತ್ತದೆ. ಆದರೆ ಕೈತಪ್ಪಿ ಅಳಿಸಿದ ಕಡತ ಆ ಕ್ಷಣದಲ್ಲೇ ಎಲ್ಲ ಡಿಸ್ಕ್‌ಗಳಿಂದಲೂ ಹೋಗುತ್ತದೆ. ಕಳ್ಳತನ, ಬೆಂಕಿ ಅಥವಾ ಸಿಡಿಲಿನ ಹೊಡೆತಕ್ಕೆ ಒಂದೇ ಪೆಟ್ಟಿಗೆಯಲ್ಲಿರುವ ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಸಿಲುಕುತ್ತವೆ.

ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್, ಒನ್‌ಡ್ರೈವ್ ಮೊದಲಾದ ಸಮಕಾಲೀಕರಣ ಸೇವೆಗಳು ಸೇರ್ಪಡೆಯಂತೆ ಅಳಿಸುವಿಕೆಯನ್ನೂ ಎಲ್ಲೆಡೆಗೆ ಒಯ್ಯುತ್ತವೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅಳಿಸಿದ ಕಡತ 30 ದಿನ ಉಳಿಯುತ್ತದೆ. ಮದುವೆಯ ವಿಡಿಯೊವನ್ನು ವರ್ಷಕ್ಕೊಮ್ಮೆ ತೆರೆದು ನೋಡುವ ಮನೆಗೆ ಈ ಅವಧಿ ಸಾಲದು. ನಷ್ಟ ಗಮನಕ್ಕೆ ಬರುವ ಹೊತ್ತಿಗೆ ಗಡುವು ಎಂದೋ ಮುಗಿದಿರುತ್ತದೆ.

ಸದಾ ಜೋಡಿಸಿಯೇ ಇಟ್ಟ ಹೊರಗಿನ ಡಿಸ್ಕ್ ಕೂಡ ಪೂರ್ಣ ಸುರಕ್ಷಿತವಲ್ಲ. 2017ರ ಮೇ ತಿಂಗಳಲ್ಲಿ ಹರಡಿದ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಕಚೇರಿಯ ದಾಖಲೆಗಳ ಜೊತೆಗೆ ಛಾಯಾಚಿತ್ರ, ಸಂಗೀತ ಮತ್ತು ವಿಡಿಯೊ ಕಡತಗಳನ್ನೂ ಗೂಢಲಿಪಿಗೆ ಬದಲಾಯಿಸಿತು. ಅಂಥ ತಂತ್ರಾಂಶಕ್ಕೆ ಗಣಕದ ಒಳಗಿನ ಡಿಸ್ಕ್ ಮತ್ತು ಪಕ್ಕದಲ್ಲಿ ಜೋಡಿಸಿದ ಡಿಸ್ಕ್ ಎಂಬ ಭೇದವಿಲ್ಲ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ತಮ್ಮ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಇಂದಿಗೂ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಶೇಖರಣಾ ಸಾಧನಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಅದರ ತಿರುಳು. ಸೂತ್ರವು ಹುಟ್ಟಿದ್ದು ಸರ್ವರ್ ನಿರ್ವಾಹಕರ ನಡುವೆಯಲ್ಲ, ಚಿತ್ರಗಳನ್ನು ಕಾಪಾಡಿಕೊಳ್ಳಬೇಕಾದವರ ನಡುವೆ ಎಂಬುದು ಗಮನಾರ್ಹ.

ಮಾಧ್ಯಮ ಕಡತಗಳ ಸ್ವಭಾವ

ಜೆಪೆಗ್ ಚಿತ್ರ, ಎಂಪಿ3 ಹಾಡು, ಎಚ್.264 ವಿಡಿಯೊ ಇವೆಲ್ಲವೂ ರೂಪುಗೊಳ್ಳುವಾಗಲೇ ಸಂಕೋಚನಗೊಂಡಿರುತ್ತವೆ. ಅವುಗಳ ಮೇಲೆ ಮತ್ತೊಮ್ಮೆ ಸಂಕೋಚನ ಮಾಡಿದರೆ ಪ್ರೊಸೆಸರ್‌ಗೆ ಕೆಲಸ ಹೆಚ್ಚುತ್ತದೆಯೇ ಹೊರತು ಗಾತ್ರ ಹೆಚ್ಚೇನೂ ಇಳಿಯುವುದಿಲ್ಲ. ಆದ್ದರಿಂದ ಅರ್ಧಕ್ಕರ್ಧ ಜಾಗ ಉಳಿಸುವುದಾಗಿ ಹೇಳುವ ತಂತ್ರಾಂಶವೂ ಇಲ್ಲಿ 10 ಟೆರಾಬೈಟ್ ಸಂಗ್ರಹಕ್ಕೆ ಸರಿಸುಮಾರು 10 ಟೆರಾಬೈಟ್ ಜಾಗವನ್ನೇ ಕೇಳುತ್ತದೆ.

ಪುನರಾವರ್ತನೆ ನಿವಾರಣೆಯ ವಿಷಯ ಅಷ್ಟು ಸರಳವಲ್ಲ. ಒಂದು ಚಲನಚಿತ್ರ ಇನ್ನೊಂದನ್ನು ಹೋಲದ ಕಾರಣ, ಮೊದಲ ಬಾರಿ ಪ್ರತಿ ಮಾಡುವಾಗ ಇದರಿಂದ ಉಳಿತಾಯ ಕಡಿಮೆ. ಲಾಭ ಕಾಣುವುದು ಆಮೇಲೆ. ಮಾಧ್ಯಮ ಕಡತಗಳ ಒಳಗಿನ ಮಾಹಿತಿ ಅಪರೂಪಕ್ಕೆ ಬದಲಾಗುತ್ತದೆ. ಆದರೆ ಅವುಗಳ ಹೆಸರು ಮತ್ತು ಸ್ಥಾನ ಪದೇ ಪದೇ ಬದಲಾಗುತ್ತವೆ. ವರ್ಷಾನುಸಾರ ಇದ್ದ ಚಿತ್ರಗಳನ್ನು ಊರಿನ ಹೆಸರಿನಲ್ಲಿ ಜೋಡಿಸಲು ಒಂದು ಸಂಜೆ ಸಾಕು. ಹೆಸರನ್ನು ನೋಡಿ ಕೆಲಸ ಮಾಡುವ ಸರಳ ತಂತ್ರಾಂಶಕ್ಕೆ ಅವೆಲ್ಲ ಹೊಸ ಕಡತಗಳಾಗಿ ಕಾಣುವುದರಿಂದ, ಇಡೀ ಸಂಗ್ರಹ ಮತ್ತೊಮ್ಮೆ ನಕಲಾಗತೊಡಗುತ್ತದೆ. ಒಳಗಿನ ಮಾಹಿತಿಯನ್ನು ತುಣುಕುಗಳಾಗಿಸಿ ಗುರುತಿಸುವ ತಂತ್ರಾಂಶವು ಕಡತವನ್ನು ಮತ್ತೆ ಓದಿ, ಆ ತುಣುಕುಗಳು ಈಗಾಗಲೇ ಇವೆ ಎಂದು ತಿಳಿದು ಹೆಸರನ್ನಷ್ಟೇ ಬರೆದುಕೊಳ್ಳುತ್ತದೆ. ಹಾಡಿನ ಕಡತದಲ್ಲಿ ಗಾಯಕರ ಹೆಸರನ್ನು ತಿದ್ದಿದಾಗಲೂ ಇದೇ ರೀತಿ ಬದಲಾದ ತುಣುಕು ಮಾತ್ರ ಹೊಸದಾಗಿ ಸೇರುತ್ತದೆ.

ದೊಡ್ಡ ಕಡತಗಳ ನಡುವೆ ಸಣ್ಣ ಕಡತಗಳು ಮರೆಯಾಗುವುದುಂಟು. ಛಾಯಾಚಿತ್ರಗಳಿಗೆ ಮಾಡಿದ ತಿದ್ದುಪಡಿಗಳು ಅನೇಕ ತಂತ್ರಾಂಶಗಳಲ್ಲಿ ಚಿತ್ರದೊಳಗೆ ಇರದೆ, ಪಕ್ಕದ ಸಣ್ಣ ಕಡತದಲ್ಲೋ ಪ್ರತ್ಯೇಕ ಪಟ್ಟಿಯಲ್ಲೋ ಇರುತ್ತವೆ. ಪ್ಲೆಕ್ಸ್, ಜೆಲ್ಲಿಫಿನ್ ಮೊದಲಾದ ಮಾಧ್ಯಮ ಸರ್ವರ್‌ಗಳು ತಮ್ಮ ಮಾಹಿತಿಯನ್ನು ಎಸ್‌ಕ್ಯೂಲೈಟ್ ದತ್ತಸಂಚಯದಲ್ಲಿ ಇಡುತ್ತವೆ. ಸರ್ವರ್ ಓಡುತ್ತಿರುವಾಗಲೇ ಅದನ್ನು ನಕಲು ಮಾಡಿದರೆ ಅರೆಬರೆ ಸ್ಥಿತಿಯ ಪ್ರತಿ ದೊರೆಯಬಹುದಾದ್ದರಿಂದ ಸರ್ವರನ್ನು ನಿಲ್ಲಿಸಿಯೇ ಪ್ರತಿ ಮಾಡುವುದು ಕ್ಷೇಮ. ಅದೇ ಸರ್ವರ್‌ಗಳು ಸೃಷ್ಟಿಸುವ ಸಾವಿರಾರು ಕಿರುಚಿತ್ರಗಳನ್ನು ಬ್ಯಾಕಪ್‌ನಿಂದ ಹೊರಗಿಡಬಹುದು. ಅವು ಮತ್ತೆ ತಾವಾಗಿಯೇ ಹುಟ್ಟುತ್ತವೆ.

ಸಂಗ್ರಹದ ವಿಂಗಡಣೆ

ತಂತ್ರಾಂಶದ ಆಯ್ಕೆಗಿಂತ ಮೊದಲು ಸಂಗ್ರಹವನ್ನು ವಿಂಗಡಿಸಿಕೊಂಡರೆ ಸಮಸ್ಯೆಯ ಗಾತ್ರವೇ ಇಳಿಯುತ್ತದೆ. ಅಂಗಡಿಯಲ್ಲಿ ಕೊಂಡ ಬ್ಲೂ-ರೇ ಡಿಸ್ಕ್‌ನಿಂದ ಪಡೆದ ಚಲನಚಿತ್ರ 50 ಗಿಗಾಬೈಟ್‌ವರೆಗೂ ಇರಬಹುದು. ಅದು ಕಳೆದುಹೋದರೆ ಡಿಸ್ಕ್‌ನಿಂದ ಮತ್ತೆ ಪಡೆಯಲು ಶ್ರಮವಾಗುತ್ತದೆ, ಅಷ್ಟೆ. ಅಜ್ಜಿ ಹಾಡಿದ ಶೋಭಾನೆ ಪದಗಳನ್ನೋ ಊರಿನ ಯಕ್ಷಗಾನ ಪ್ರಸಂಗವನ್ನೋ ಕ್ಯಾಸೆಟ್‌ನಿಂದ ಡಿಜಿಟಲ್ ರೂಪಕ್ಕೆ ತಂದ ಕಡತ ಕೆಲವು ನೂರು ಮೆಗಾಬೈಟ್ ಇದ್ದೀತು. ಕ್ಯಾಸೆಟ್‌ಗೆ ಬೂಷ್ಟು ಹಿಡಿದ ಮೇಲೆ ಆ ದನಿಗೆ ಉಳಿದಿರುವುದು ಅದೊಂದೇ ನೆಲೆ. ಮಿನಿ ಡಿವಿ ಟೇಪಿನ ಒಂದು ಗಂಟೆಯ ಚಿತ್ರೀಕರಣ ಸುಮಾರು 13 ಗಿಗಾಬೈಟ್ ಆಗುತ್ತದೆ. ಅದನ್ನು ಓದುವ ಯಂತ್ರಗಳು ಈಗ ಹೊಸದಾಗಿ ತಯಾರಾಗುತ್ತಿಲ್ಲ.

ಬದಲಿ ಇಲ್ಲದ ಭಾಗ ಸಾಮಾನ್ಯವಾಗಿ ಇಡೀ ಸಂಗ್ರಹದ ಸಣ್ಣ ಪಾಲು. ಅದಕ್ಕೆ ಮೂರು ಪ್ರತಿ, ದೂರದ ಸಂಗ್ರಹ ಹಾಗೂ ಆವೃತ್ತಿಗಳ ಉಳಿಕೆ, ಉಳಿದದ್ದಕ್ಕೆ ಒಂದು ಹೆಚ್ಚುವರಿ ಡಿಸ್ಕ್ ಎಂಬ ಇಬ್ಬಗೆಯ ವ್ಯವಸ್ಥೆ ಎಲ್ಲಕ್ಕೂ ಒಂದೇ ನಿಯಮ ಹೇರುವುದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಮರಳಿ ಪಡೆಯಬಹುದಾದ ಭಾಗದ ಕಡತಗಳ ಹೆಸರಿನ ಪಟ್ಟಿಯನ್ನಾದರೂ ಉಳಿಸಿಕೊಳ್ಳುವುದು ಲೇಸು. ಏನು ಕಳೆದುಹೋಯಿತು ಎಂಬುದೇ ತಿಳಿಯದಿದ್ದರೆ ಮರಳಿ ಪಡೆಯುವ ಮಾತೇ ಬರುವುದಿಲ್ಲ.

ತಂತ್ರಾಂಶಗಳ ಬಗೆಗಳು

ಪ್ರತಿಬಿಂಬ ತಂತ್ರಾಂಶಗಳು

ಇವು ಮೂಲವನ್ನು ಇದ್ದಂತೆಯೇ ಇನ್ನೊಂದೆಡೆ ನಿರ್ಮಿಸುತ್ತವೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಪ್ರಕಟಿಸಿದ ಆರ್‌ಸಿಂಕ್ ಇವುಗಳಲ್ಲಿ ಪ್ರಸಿದ್ಧ. ವಿಂಡೋಸ್‌ನ ಜೊತೆಗೇ ಬರುವ ರೋಬೊಕಾಪಿ, ಕ್ಲೌಡ್ ಸೇವೆಗಳಿಗೆ ನಕಲು ಮಾಡುವ ಆರ್‌ಕ್ಲೋನ್ ಇದೇ ವರ್ಗದವು. ಇವುಗಳ ದೊಡ್ಡ ಗುಣವೆಂದರೆ ಪ್ರತಿಯನ್ನು ತೆರೆಯಲು ಯಾವ ವಿಶೇಷ ತಂತ್ರಾಂಶವೂ ಬೇಡ. ಡಿಸ್ಕನ್ನು ಯಾವುದೇ ಗಣಕಕ್ಕೆ ಜೋಡಿಸಿ ಹಾಡನ್ನು ನೇರವಾಗಿ ಕೇಳಬಹುದು. ಮನೆಯಲ್ಲಿ ಗಣಕದ ಪರಿಚಯವಿರುವ ಒಬ್ಬರೇ ಸದಸ್ಯರಿದ್ದು, ಅವರು ಊರಿನಲ್ಲಿಲ್ಲದಾಗ ಇದರ ಬೆಲೆ ತಿಳಿಯುತ್ತದೆ.

ದೋಷ ಕೂಡ ಅಲ್ಲೇ ಇದೆ. ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಿಂದಲೂ ಅಳಿಸುವ ಆಯ್ಕೆ ಚಾಲೂ ಆಗಿದ್ದರೆ ನಿನ್ನೆಯ ತಪ್ಪು ಇಂದು ಪ್ರತಿಗೂ ತಲುಪುತ್ತದೆ. ಮೂಲದ ಡಿಸ್ಕ್ ಸರಿಯಾಗಿ ಜೋಡಣೆಯಾಗದೆ ಖಾಲಿ ಕಡತಕೋಶವಾಗಿ ಕಂಡರೆ ಇಡೀ ಪ್ರತಿಯೇ ಬರಿದಾಗುವ ಅಪಾಯವಿದೆ. ಅಳಿಸಬೇಕಾದವನ್ನು ಬೇರೊಂದು ಕಡತಕೋಶಕ್ಕೆ ಸರಿಸಿಡುವ ಅಥವಾ ಅಳಿಸಬಹುದಾದ ಕಡತಗಳ ಸಂಖ್ಯೆಗೆ ಮಿತಿ ಹಾಕುವ ಆಯ್ಕೆಗಳು ಆರ್‌ಸಿಂಕ್‌ನಲ್ಲಿ ಇವೆ. ಬದಲಾಗದ ಕಡತಗಳಿಗೆ ಹಾರ್ಡ್ ಲಿಂಕ್ ಬಳಸಿ ಹಲವು ದಿನಗಳ ಚಿತ್ರಣವನ್ನು ಕಡಿಮೆ ಜಾಗದಲ್ಲಿ ಇಡುವ ಲಿಂಕ್-ಡೆಸ್ಟ್ ಎಂಬ ಆಯ್ಕೆಯೂ ಇದೆ. ಹೆಸರು ಬದಲಾದ ಕಡತವನ್ನು ಗುರುತಿಸುವ ಆಯ್ಕೆ ಆರ್‌ಕ್ಲೋನ್‌ನಲ್ಲಿ ದೊರೆಯುತ್ತದೆ.

ತುಣುಕು ಆಧಾರಿತ ತಂತ್ರಾಂಶಗಳು

ಬೋರ್ಗ್, ರೆಸ್ಟಿಕ್, ಕೋಪಿಯಾ ಮತ್ತು ಡುಪ್ಲಿಕಾಟಿ ಈ ವರ್ಗದ ಮುಕ್ತ ತಂತ್ರಾಂಶಗಳು. ಇವು ಕಡತಗಳನ್ನು ತುಣುಕುಗಳಾಗಿ ಒಡೆದು, ಗೂಢಲಿಪಿಗೊಳಿಸಿ, ತಮ್ಮದೇ ರೂಪದ ಭಂಡಾರದಲ್ಲಿ ಇಡುತ್ತವೆ. ಪ್ರತಿ ಬಾರಿಯ ಬ್ಯಾಕಪ್ ಒಂದು ಪೂರ್ಣ ಚಿತ್ರಣದಂತೆ ಕಾಣಿಸಿದರೂ ಹೊಸ ತುಣುಕುಗಳಷ್ಟೇ ಸೇರುತ್ತವೆ. ಕಳೆದ ವರ್ಷದ ಸ್ಥಿತಿಗೆ ಹಿಂದಿರುಗುವುದು ಸಾಧ್ಯವಾಗುವುದು ಇದರಿಂದಲೇ.

ಬೋರ್ಗ್ 2015ರಲ್ಲಿ ಆಟಿಕ್ ಎಂಬ ಯೋಜನೆಯಿಂದ ಕವಲೊಡೆದು ಬಂದದ್ದು. ಅದು ಸ್ಥಳೀಯ ಡಿಸ್ಕ್‌ಗೆ ಅಥವಾ ಎಸ್‌ಎಸ್‌ಎಚ್ ಮೂಲಕ ಇನ್ನೊಂದು ಗಣಕಕ್ಕೆ ಬರೆಯುತ್ತದೆ. ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಗೋ ಭಾಷೆಯಲ್ಲಿ ಬರೆದ ರೆಸ್ಟಿಕ್ ಲಿನಕ್ಸ್, ಮ್ಯಾಕ್ ಮತ್ತು ವಿಂಡೋಸ್ ಮೂರರಲ್ಲೂ ಓಡುತ್ತದೆ ಮತ್ತು ಹಲವು ಕ್ಲೌಡ್ ಸೇವೆಗಳಿಗೆ ನೇರವಾಗಿ ಬರೆಯಬಲ್ಲದು. 2022ರ 0.14ನೇ ಆವೃತ್ತಿಯವರೆಗೆ ಅದರಲ್ಲಿ ಸಂಕೋಚನವೇ ಇರಲಿಲ್ಲ. ಮಾಧ್ಯಮ ಸಂಗ್ರಹಕ್ಕೆ ಬಳಸುತ್ತಿದ್ದವರಿಗೆ ಅದು ಕೊರತೆಯಾಗಿ ಕಂಡಿರಲಾರದು.

ತುಣುಕಿನ ಗಾತ್ರ ಬಳಕೆದಾರರು ಸಾಮಾನ್ಯವಾಗಿ ಗಮನಿಸದ, ಆದರೆ ದೊಡ್ಡ ಸಂಗ್ರಹದಲ್ಲಿ ಕಾಡುವ ವಿಷಯ. ರೆಸ್ಟಿಕ್‌ನ ತುಣುಕು ಸರಾಸರಿ ಒಂದು ಮೆಬಿಬೈಟ್ ಇರುವುದರಿಂದ 10 ಟೆರಾಬೈಟ್‌ಗೆ ಸುಮಾರು 95 ಲಕ್ಷ ತುಣುಕುಗಳಾಗುತ್ತವೆ. ಅವುಗಳ ಸೂಚಿಯನ್ನು ಗಣಕದ ಸ್ಮೃತಿಯಲ್ಲಿ ಇಟ್ಟುಕೊಳ್ಳಬೇಕಾದ್ದರಿಂದ ಕಡಿಮೆ ಸ್ಮೃತಿಯ ಹಳೆಯ ಎನ್‌ಎಎಸ್ ಪೆಟ್ಟಿಗೆಗಳು ತಿಣುಕುತ್ತವೆ. ಡುಪ್ಲಿಕಾಟಿಯ ಹಿಂದಿನ ಆವೃತ್ತಿಗಳಲ್ಲಿ ಪೂರ್ವನಿಗದಿತ ತುಣುಕು 100 ಕಿಲೊಬೈಟ್ ಇತ್ತು. ಅಷ್ಟೇ ಸಂಗ್ರಹಕ್ಕೆ ಅದು ಸುಮಾರು 10 ಕೋಟಿ ತುಣುಕುಗಳನ್ನು ಮಾಡುತ್ತದೆ. ಡುಪ್ಲಿಕಾಟಿ ಇವುಗಳ ಲೆಕ್ಕವನ್ನು ಗಣಕದಲ್ಲಿರುವ ದತ್ತಸಂಚಯವೊಂದರಲ್ಲಿ ಇಡುತ್ತದೆ. ಗಣಕವೇ ಹೋದಾಗ ಮೊದಲು ಆ ದತ್ತಸಂಚಯವನ್ನು ಮತ್ತೆ ಕಟ್ಟಬೇಕಾಗುತ್ತದೆ. ಮೊದಲ ಬ್ಯಾಕಪ್ ಆದ ಮೇಲೆ ತುಣುಕಿನ ಗಾತ್ರವನ್ನು ಬದಲಾಯಿಸಲು ಆಗುವುದಿಲ್ಲವಾದ್ದರಿಂದ, ದೊಡ್ಡ ಸಂಗ್ರಹಕ್ಕೆ ಅದನ್ನು ಆರಂಭದಲ್ಲೇ ಹೆಚ್ಚಿಸಿಕೊಳ್ಳಬೇಕು.

ಕಾರ್ಯಾಚರಣಾ ವ್ಯವಸ್ಥೆಯ ಸೌಲಭ್ಯಗಳು

ಆಪಲ್ 2007ರಲ್ಲಿ ಪರಿಚಯಿಸಿದ ಟೈಮ್ ಮಷೀನ್ ಮತ್ತು ವಿಂಡೋಸ್ 8ರೊಡನೆ ಬಂದ ಫೈಲ್ ಹಿಸ್ಟರಿ ಹೊಂದಿಸಲು ಸುಲಭ. ಆದರೆ ಬ್ಯಾಕಪ್ ಡಿಸ್ಕ್ ತುಂಬಿದಾಗ ಟೈಮ್ ಮಷೀನ್ ಅತ್ಯಂತ ಹಳೆಯ ಪ್ರತಿಗಳನ್ನು ಅಳಿಸುತ್ತದೆ. ಸಂಗ್ರಹಕ್ಕೂ ಬ್ಯಾಕಪ್ ಡಿಸ್ಕ್‌ಗೂ ಗಾತ್ರದಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ಹಳೆಯ ಆವೃತ್ತಿಗಳು ಬೇಗನೆ ಹೋಗುತ್ತವೆ.

ಮೂಕ ಹಾನಿ

ಡಿಸ್ಕ್ ಕೆಟ್ಟರೆ ತಿಳಿಯುತ್ತದೆ. ಡಿಸ್ಕ್‌ನಲ್ಲಿರುವ ಒಂದು ಚಿತ್ರದ ಕೆಲವು ಬಿಟ್‌ಗಳು ಮಾತ್ರ ಬದಲಾದರೆ ಯಾವ ಸೂಚನೆಯೂ ಬರುವುದಿಲ್ಲ. ವರ್ಷಗಳ ನಂತರ ತೆರೆದಾಗ ಚಿತ್ರದ ಕೆಳಭಾಗ ಬೂದು ಬಣ್ಣದ ಪಟ್ಟೆಯಾಗಿ ಕಾಣುತ್ತದೆ. ಗಾತ್ರ ಮತ್ತು ದಿನಾಂಕ ಮಾತ್ರ ಹೋಲಿಸುವ ತಂತ್ರಾಂಶಕ್ಕೆ ಇಂಥ ಹಾನಿ ಕಾಣಿಸದು. ಹೊಸ ಡಿಸ್ಕ್‌ಗೆ ಸಂಗ್ರಹವನ್ನು ವರ್ಗಾಯಿಸಿ ಹಳೆಯದನ್ನು ಬಿಟ್ಟುಕೊಟ್ಟರೆ ಕೆಟ್ಟ ಪ್ರತಿಯೇ ಮೂಲವಾಗಿಬಿಡುತ್ತದೆ.

ಇದನ್ನು ಕಂಡುಹಿಡಿಯಲು ಕಡತದ ಪ್ರತಿ ಬೈಟನ್ನೂ ಓದಿ ಮೊದಲು ಬರೆದಿಟ್ಟ ಮೊತ್ತದೊಡನೆ ತಾಳೆ ನೋಡುವುದೊಂದೇ ದಾರಿ. ಝಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಕಡತವ್ಯವಸ್ಥೆಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಬೋರ್ಗ್ ಮತ್ತು ರೆಸ್ಟಿಕ್‌ಗಳಲ್ಲಿ ಭಂಡಾರದ ಮಾಹಿತಿಯನ್ನು ಪೂರ್ಣವಾಗಿ ಓದಿ ಪರೀಕ್ಷಿಸುವ ಆದೇಶಗಳಿವೆ. ರೆಸ್ಟಿಕ್‌ನಲ್ಲಿ ಪ್ರತಿ ವಾರ ಭಂಡಾರದ ಒಂದೊಂದು ಪಾಲನ್ನು ಪರೀಕ್ಷಿಸಿ ಕೆಲವು ತಿಂಗಳಲ್ಲಿ ಇಡೀ ಭಂಡಾರವನ್ನು ಮುಗಿಸುವ ಅನುಕೂಲವಿದೆ. ಅಪರೂಪಕ್ಕೆ ಬದಲಾಗುವ ದೊಡ್ಡ ಕಡತಗಳಿಗೆಂದೇ ರೂಪುಗೊಂಡ ಸ್ನ್ಯಾಪ್‌ರೇಯ್ಡ್, ಹಲವು ಡಿಸ್ಕ್‌ಗಳ ಮಾಹಿತಿಗೆ ಸಮತೆಯ ಲೆಕ್ಕವನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟು ಹಾನಿಯನ್ನು ಸರಿಪಡಿಸಬಲ್ಲದು. ಆದರೂ ಅದು ರೇಯ್ಡ್‌ನಂತೆಯೇ ಒಂದೇ ಸ್ಥಳದ ರಕ್ಷಣೆ.

ಕನ್ನಡ ಕಡತನಾಮಗಳು

ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟವರು ಎರಡು ತೊಡಕುಗಳನ್ನು ತಿಳಿದಿರಬೇಕು. ಮೊದಲನೆಯದು ಉದ್ದಕ್ಕೆ ಸಂಬಂಧಿಸಿದ್ದು. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಪರದೆಯ ಮೇಲೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ ನಾಲ್ಕು ಸಂಕೇತಗಳಿಂದಾಗಿ 12 ಬೈಟ್ ತೆಗೆದುಕೊಳ್ಳುತ್ತದೆ. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡದ 85 ಸಂಕೇತಗಳು. ಹೆಸರನ್ನೂ ಗೂಢಲಿಪಿಗೊಳಿಸುವ ಇಕ್ರಿಪ್ಟ್‌ಎಫ್‌ಎಸ್‌ನಂಥ ವ್ಯವಸ್ಥೆಯಲ್ಲಿ ಮಿತಿ 143 ಬೈಟ್‌ಗೆ ಇಳಿದು, ಕನ್ನಡಕ್ಕೆ ಉಳಿಯುವುದು 47 ಸಂಕೇತಗಳು ಮಾತ್ರ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್‌ಗಳ ಬದಲು 255 ಸಂಕೇತಗಳನ್ನು ಲೆಕ್ಕ ಹಿಡಿಯುವುದರಿಂದ, ಅಲ್ಲಿ ಸಲೀಸಾಗಿ ನಿಂತ ಉದ್ದನೆಯ ಹಾಡಿನ ಹೆಸರು ಲಿನಕ್ಸ್ ಆಧಾರಿತ ಪೆಟ್ಟಿಗೆಗೆ ನಕಲಾಗದೆ ಬಿಟ್ಟುಹೋಗಬಹುದು. ಬ್ಯಾಕಪ್‌ನ ವರದಿಯನ್ನು ಓದದವರಿಗೆ ಇದು ತಿಳಿಯುವುದಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಯೂನಿಕೋಡ್‌ನಲ್ಲಿ ಕೀ, ಕೇ, ಕೈ, ಕೊ, ಕೋ ಎಂಬಲ್ಲಿನ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳಾಗಿಯೂ ಬರೆಯಬಹುದು. ‘ಕೋ’ ಎಂಬುದು ಒಂದು ರೂಪದಲ್ಲಿ ಎರಡು ಸಂಕೇತ, ಬಿಡಿಸಿದ ರೂಪದಲ್ಲಿ ನಾಲ್ಕು. ಕಣ್ಣಿಗೆ ಎರಡೂ ಒಂದೇ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಉಳಿಸುತ್ತಿತ್ತು. ವಿಂಡೋಸ್ ಗಣಕದಿಂದ ಮೊದಲೇ ನಕಲಾದ ‘ಕೋಲಾಟ’ ಎಂಬ ಕಡತವಿರುವ ಲಿನಕ್ಸ್ ಡಿಸ್ಕ್‌ಗೆ ಅದೇ ಕಡತ ಹಳೆಯ ಮ್ಯಾಕ್‌ನಿಂದ ಬಂದರೆ, ಒಂದೇ ಹೆಸರಿನ ಎರಡು ಕಡತಗಳು ಅಕ್ಕಪಕ್ಕದಲ್ಲಿ ಕಾಣಿಸಿಕೊಳ್ಳುತ್ತವೆ. ಆರ್‌ಸಿಂಕ್‌ನ ಐಕಾನ್ವ್ ಆಯ್ಕೆಯಿಂದ ಇದನ್ನು ತಡೆಯಬಹುದು. ತುಣುಕು ಆಧಾರಿತ ತಂತ್ರಾಂಶಗಳಲ್ಲಿ ಹೆಸರು ಎರಡಾದರೂ ಮಾಹಿತಿ ಎರಡು ಬಾರಿ ಸೇರುವುದಿಲ್ಲ.

ಕಾಲ, ವೆಚ್ಚ ಮತ್ತು ಸೇವೆಗಳ ಆಯುಷ್ಯ

ಸೆಕೆಂಡಿಗೆ 150 ಮೆಗಾಬೈಟ್ ವೇಗದ ಹಾರ್ಡ್ ಡಿಸ್ಕ್‌ಗೆ 10 ಟೆರಾಬೈಟ್ ನಕಲು ಮಾಡಲು ಸುಮಾರು ಹದಿನೆಂಟೂವರೆ ಗಂಟೆ ಬೇಕು. ಅದೇ ಮಾಹಿತಿಯನ್ನು ಸೆಕೆಂಡಿಗೆ 50 ಮೆಗಾಬಿಟ್ ವೇಗದ ಅಂತರಜಾಲ ಸಂಪರ್ಕದಲ್ಲಿ ಕಳುಹಿಸಲು ಹದಿನೆಂಟೂವರೆ ದಿನ ಬೇಕು, ಅದೂ ಸಂಪರ್ಕ ಒಂದು ಕ್ಷಣವೂ ಕಡಿಯದಿದ್ದರೆ. ನಡುವೆ ನಿಂತರೆ ನಿಂತಲ್ಲಿಂದಲೇ ಮುಂದುವರಿಯುವ ಗುಣ ತಂತ್ರಾಂಶಕ್ಕೆ ಇರಲೇಬೇಕು. ಅನೇಕ ಬ್ರಾಡ್‌ಬ್ಯಾಂಡ್ ಯೋಜನೆಗಳಿಗಿರುವ ತಿಂಗಳ ಮಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನೊಂದು ಮನೆಯಲ್ಲಿ, ಉದಾಹರಣೆಗೆ ಊರಿನ ತಂದೆತಾಯಿಯರ ಮನೆಯಲ್ಲಿ, ಡಿಸ್ಕ್ ಒಂದನ್ನು ಇಟ್ಟು ಪ್ರತಿ ಹಬ್ಬಕ್ಕೆ ಹೋದಾಗ ಬದಲಿಸಿ ತರುವ ಕ್ರಮ ಹಳೆಯದೆನಿಸಿದರೂ ವೇಗದಲ್ಲಿ ಅಂತರಜಾಲವನ್ನು ಸೋಲಿಸುತ್ತದೆ. ಅಂಥ ಡಿಸ್ಕ್ ಎಫ್‌ಎಟಿ32 ರೂಪದಲ್ಲಿದ್ದರೆ 4 ಗಿಗಾಬೈಟ್ ಅಥವಾ ಅದಕ್ಕೂ ದೊಡ್ಡ ವಿಡಿಯೊಗಳು ಅದರಲ್ಲಿ ಕೂರುವುದಿಲ್ಲ.

ಅಮೆಜಾನ್ 2019ರಲ್ಲಿ ಆರಂಭಿಸಿದ ಗ್ಲೇಸಿಯರ್ ಡೀಪ್ ಆರ್ಕೈವ್ ಸೇವೆಯ ಆರಂಭದ ದರ ಟೆರಾಬೈಟ್‌ಗೆ ತಿಂಗಳಿಗೆ ಸುಮಾರು 1 ಡಾಲರ್ ಇತ್ತು. ಇಡುವುದು ಅಗ್ಗ, ತೆಗೆಯುವುದು ಅಲ್ಲ: ಕಡತ ಸಿಗಲು 12 ಗಂಟೆಗಳಷ್ಟು ಕಾಯಬೇಕಾಗುತ್ತದೆ, ಹೊರತೆಗೆಯುವ ಮಾಹಿತಿಗೆ ಪ್ರತ್ಯೇಕ ಶುಲ್ಕವಿದೆ. ಮನೆ ಸುಟ್ಟುಹೋದಂಥ ದುರಂತಕ್ಕೆ ಮೀಸಲಿಡುವ ಕೊನೆಯ ಪ್ರತಿಯಾಗಿ ಮಾತ್ರ ಇದು ಹೊಂದುತ್ತದೆ.

‘ಅಪರಿಮಿತ’ ಎಂಬ ಭರವಸೆಗಳ ಇತಿಹಾಸ ಆಶಾದಾಯಕವಾಗಿಲ್ಲ. ಮನೆಬಳಕೆಯ ದೊಡ್ಡ ಸಂಗ್ರಹಗಳಿಗೆ ಜನಪ್ರಿಯವಾಗಿದ್ದ ಕ್ರ್ಯಾಶ್‌ಪ್ಲಾನ್ ತನ್ನ ಗೃಹ ಸೇವೆಯನ್ನು ನಿಲ್ಲಿಸುವುದಾಗಿ 2017ರ ಆಗಸ್ಟ್‌ನಲ್ಲಿ ಪ್ರಕಟಿಸಿ, 2018ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅಮೆಜಾನ್ 2015ರಲ್ಲಿ ತಂದ ಅಪರಿಮಿತ ಸಂಗ್ರಹ ಯೋಜನೆಯನ್ನು 2017ರಲ್ಲೇ ಹಿಂತೆಗೆದುಕೊಂಡಿತು. ಗೂಗಲ್ ಫೋಟೋಸ್‌ನ ಉಚಿತ ಅಪರಿಮಿತ ಸೌಲಭ್ಯ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಬ್ಯಾಕ್‌ಬ್ಲೇಜ್‌ನ ವೈಯಕ್ತಿಕ ಯೋಜನೆ ಗಾತ್ರದ ಮಿತಿ ಹೇರದಿದ್ದರೂ ಎನ್‌ಎಎಸ್ ಪೆಟ್ಟಿಗೆಗಳನ್ನು ಮತ್ತು ಲಿನಕ್ಸನ್ನು ಒಳಗೊಳ್ಳುವುದಿಲ್ಲ. ದೊಡ್ಡ ಮಾಧ್ಯಮ ಸಂಗ್ರಹಗಳು ಹೆಚ್ಚಾಗಿ ಇರುವುದು ಅಲ್ಲಿಯೇ. ತಂತ್ರಾಂಶವೂ ಶೇಖರಣೆಯೂ ಒಂದೇ ಸಂಸ್ಥೆಯದಾಗಿದ್ದರೆ ಸೇವೆ ನಿಂತಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ.

ಗೂಢಲಿಪೀಕರಣ

ಮನೆಯಿಂದ ಹೊರಗೆ ಹೋಗುವ ಪ್ರತಿಗೆ ಗೂಢಲಿಪೀಕರಣ ಅಗತ್ಯ. ರೆಸ್ಟಿಕ್‌ನಲ್ಲಿ ಗುಪ್ತಪದ ಕಳೆದುಹೋದರೆ ಭಂಡಾರವನ್ನು ತೆರೆಯಲು ಬೇರೆ ದಾರಿಯಿಲ್ಲ. ಗುಪ್ತಪದವು ಬ್ಯಾಕಪ್ ಆಗುತ್ತಿರುವ ಗಣಕದಲ್ಲಿ ಮಾತ್ರ ಇದ್ದರೆ ಗಣಕದ ಜೊತೆಗೆ ಅದೂ ಹೋಗುತ್ತದೆ. ಕಾಗದದಲ್ಲಿ ಬರೆದು ಮನೆಯ ಮುಖ್ಯ ಪತ್ರಗಳೊಡನೆ ಇಡುವುದು ಸರಳ ಉಪಾಯ. ಕಪಾಟಿನಲ್ಲೇ ಉಳಿಯುವ ಪ್ರತಿಯನ್ನು ಗೂಢಲಿಪಿಯಿಲ್ಲದೆ ಇಡುವುದೂ ವಿವೇಕವೇ.

ಮರಳಿ ಪಡೆಯುವ ಪರೀಕ್ಷೆ

ಬ್ಯಾಕಪ್ ನಡೆಯುತ್ತಿದೆ ಎಂಬ ನಂಬಿಕೆಯೇ ಅನೇಕ ನಷ್ಟಗಳ ಮೂಲ. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳಲ್ಲಿ ಬಹುಪಾಲು ಒಂದು ಅಳಿಸುವ ಆದೇಶದಿಂದ ಹೋದವು; ಬ್ಯಾಕಪ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂದು ಆಗಲೇ ಗೊತ್ತಾದದ್ದು. ಮಗುವಿನ ಆರೈಕೆಗಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಗಣಕದಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಸುಮಾರು 300 ಗಿಗಾಬೈಟ್ ದತ್ತಸಂಚಯ ತಪ್ಪಾಗಿ ಅಳಿಸಿಹೋದಾಗಲೂ ದಿನನಿತ್ಯದ ಬ್ಯಾಕಪ್ ವಿಫಲವಾಗುತ್ತಿತ್ತು. ಅದರ ಬಗ್ಗೆ ಎಚ್ಚರಿಸಬೇಕಿದ್ದ ಇ-ಅಂಚೆಗಳು ತಲುಪುತ್ತಿರಲಿಲ್ಲ. ಅದಕ್ಕೆ ಸುಮಾರು ಆರು ಗಂಟೆ ಮೊದಲು ಬೇರೆ ಉದ್ದೇಶಕ್ಕಾಗಿ ತೆಗೆದಿಟ್ಟಿದ್ದ ಒಂದು ಪ್ರತಿ ನೆರವಿಗೆ ಬಂದಿತು.

ಮನೆಯ ಮಟ್ಟದಲ್ಲಿ ಪರೀಕ್ಷೆ ಸರಳ. ಕೆಲವು ತಿಂಗಳಿಗೊಮ್ಮೆ ಒಂದು ಹಳೆಯ ಚಿತ್ರಕೋಶ, ಒಂದು ದೊಡ್ಡ ವಿಡಿಯೊ ಮತ್ತು ಕನ್ನಡ ಹೆಸರಿನ ಒಂದು ಹಾಡನ್ನು ಬ್ಯಾಕಪ್‌ನಿಂದ ಬೇರೆಯ ಗಣಕಕ್ಕೆ ಮರಳಿ ತಂದು, ತೆರೆದು, ಕೊನೆಯವರೆಗೆ ಓಡಿಸಿ ನೋಡಬೇಕು. ಬೇರೆಯ ಗಣಕ ಎಂಬುದು ಇಲ್ಲಿ ಮುಖ್ಯ. ಹಳೆಯ ಗಣಕದಲ್ಲಿ ಉಳಿದಿರುವ ಗುಪ್ತಪದ, ಹೊಂದಿಕೆ ಮತ್ತು ದತ್ತಸಂಚಯಗಳ ನೆರವಿಲ್ಲದೆಯೂ ಕೆಲಸ ಆಗುತ್ತದೆಯೇ ಎಂಬುದು ಹಾಗೆ ಮಾತ್ರ ಗೊತ್ತಾಗುತ್ತದೆ. ರೆಸ್ಟಿಕ್ ಒಂದೇ ಕಡತದ ರೂಪದಲ್ಲಿ ಓಡುವುದರಿಂದ ಅದರ ಪ್ರತಿಯನ್ನೂ ಬ್ಯಾಕಪ್ ಡಿಸ್ಕ್‌ನಲ್ಲೇ ಇಡಬಹುದು. ಬೋರ್ಗ್ ಕೂಡ ಇಂಥ ಏಕಕಡತ ರೂಪದಲ್ಲಿ ದೊರೆಯುತ್ತದೆ. ಮರಳಿ ಪಡೆಯುವ ಆದೇಶಗಳನ್ನು ಬರೆದ ಸಣ್ಣ ಪಠ್ಯ ಕಡತವೊಂದನ್ನು ಅದರ ಪಕ್ಕದಲ್ಲೇ ಇಟ್ಟರೆ ಮನೆಯ ಇನ್ನೊಬ್ಬರೂ ಆ ಕೆಲಸವನ್ನು ಮಾಡಬಲ್ಲರು.